ಬ್ಯಾಟರ್‌ಗಳನ್ನು ಬೆಳೆಸಿ, ಪಿಚರ್‌ಗಳನ್ನು ಕೊಂಡು ತಂದ ತಂಡ: ಷಿಕಾಗೊ ಕಬ್ಸ್‌ನ ಲೆಕ್ಕಾಚಾರ

2016ರ ನವೆಂಬರ್ 2ರ ರಾತ್ರಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ, ಅಮೆರಿಕದ ಬೇಸ್‌ಬಾಲ್ ಪ್ರಶಸ್ತಿಯನ್ನು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದಲ್ಲಿ ಷಿಕಾಗೊ ಕಬ್ಸ್ ತಂಡದ ಪರವಾಗಿ ಐವರು ಚೆಂಡೆಸೆದರು. ಕೈಲ್ ಹೆಂಡ್ರಿಕ್ಸ್ ಆರಂಭಿಸಿದರು. ಅವರ ನಂತರ ಜಾನ್ ಲೆಸ್ಟರ್, ಅರೋಲ್ಡಿಸ್ ಚಾಪ್‌ಮನ್ ಮತ್ತು ಕಾರ್ಲ್ ಎಡ್ವರ್ಡ್ಸ್ ಬಂದರು. ಹತ್ತನೆಯ ಇನಿಂಗ್ಸ್‌ನ ಕೊನೆಯ ಔಟ್ ಮೈಕ್ ಮಾಂಟ್ಗೊಮರಿ ಅವರಿಗೆ ದಕ್ಕಿತು. 8–7ರಿಂದ ಗೆದ್ದ ಕಬ್ಸ್, 1908ರ ನಂತರ ಮೊದಲ ಬಾರಿಗೆ, ಅಂದರೆ 108 ವರ್ಷಗಳ ಬಳಿಕ, ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಆ ಐವರು ಪಿಚರ್‌ಗಳಲ್ಲಿ ಒಬ್ಬರನ್ನೂ ಕಬ್ಸ್ ತಾನೇ ಹುಡುಕಿ ಬೆಳೆಸಿರಲಿಲ್ಲ. ಹೆಂಡ್ರಿಕ್ಸ್ ಮತ್ತು ಎಡ್ವರ್ಡ್ಸ್ ಟೆಕ್ಸಸ್‌ನಿಂದ, ಚಾಪ್‌ಮನ್ ನ್ಯೂಯಾರ್ಕ್‌ನಿಂದ, ಮಾಂಟ್ಗೊಮರಿ ಸಿಯಾಟಲ್‌ನಿಂದ ವಿನಿಮಯದಲ್ಲಿ ಬಂದವರು. ಲೆಸ್ಟರ್ ಅವರನ್ನು ಮುಕ್ತ ಮಾರುಕಟ್ಟೆಯಲ್ಲಿ ದುಬಾರಿ ಬೆಲೆಗೆ ಒಪ್ಪಿಸಿ ತರಲಾಗಿತ್ತು. ಬ್ಯಾಟ್ ಹಿಡಿದವರ ಪಟ್ಟಿಯನ್ನು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ. ಕ್ರಿಸ್ ಬ್ರಯಾಂಟ್, ಕೈಲ್ ಶ್ವಾರ್ಬರ್, ಹಾವಿಯರ್ ಬಾಯೆಸ್, ವಿಲ್ಸನ್ ಕಾಂಟ್ರೆರಸ್ ನಾಲ್ವರೂ ಕಬ್ಸ್ ಮನೆಯಲ್ಲೇ ಬೆಳೆದವರು. ಹತ್ತನೆಯ ಇನಿಂಗ್ಸ್‌ನಲ್ಲಿ ಮುನ್ನಡೆಯ ಓಟವನ್ನು ಪೂರೈಸಿದ ಆಲ್ಬರ್ಟ್ ಆಲ್ಮೊರಾ ಕೂಡ ಅದೇ ಮನೆಯವರು.

ಇದು ಆಕಸ್ಮಿಕವಲ್ಲ, ಐದು ವರ್ಷ ಮೊದಲೇ ಹಾಕಿಕೊಂಡ ಲೆಕ್ಕ. ಆ ಲೆಕ್ಕವನ್ನು ಅರ್ಥ ಮಾಡಿಕೊಂಡರೆ, ಬೇಸ್‌ಬಾಲ್ ತಂಡವೊಂದು ಪ್ರತಿಭೆಯನ್ನು ಹೇಗೆ ಕೂಡಿಹಾಕುತ್ತದೆ, ಪಿಚರ್ ಮತ್ತು ಬ್ಯಾಟರ್ ಎಂಬ ಎರಡು ಬಗೆಯ ಆಟಗಾರರನ್ನು ಅದು ಏಕೆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಕ್ರಿಕೆಟ್‌ಗೆ ಒಗ್ಗಿದ ನಮಗೆ ಮೊದಲು ಒಂದೆರಡು ಸಂಗತಿಗಳು ತಿಳಿದಿರಬೇಕು. ಬೇಸ್‌ಬಾಲ್‌ನಲ್ಲಿ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುವವನು ಪಿಚರ್, ಸುಮಾರು 18.44 ಮೀಟರ್ ದೂರದಲ್ಲಿ ನಿಂತು ಅದನ್ನು ಹೊಡೆಯುವವನು ಬ್ಯಾಟರ್. ಅಮೆರಿಕದ ಮೇಜರ್ ಲೀಗ್‌ನ 30 ತಂಡಗಳು ಏಪ್ರಿಲ್‌ನ ಆಸುಪಾಸಿನಿಂದ ಸೆಪ್ಟೆಂಬರ್ ಕೊನೆಯವರೆಗೆ ತಲಾ 162 ಪಂದ್ಯಗಳನ್ನು ಆಡುತ್ತವೆ. ಹೆಚ್ಚುಕಡಿಮೆ ದಿನಕ್ಕೊಂದು ಪಂದ್ಯ ಇರುವುದರಿಂದ ಒಬ್ಬನೇ ಪಿಚರ್ ಪ್ರತಿದಿನ ಎಸೆಯುವುದು ಅಸಾಧ್ಯ. ಆದ್ದರಿಂದ ಪಂದ್ಯ ಆರಂಭಿಸುವ ಐವರು ಸರದಿಯಲ್ಲಿ ಬರುತ್ತಾರೆ, ಅವರು ದಣಿದ ಮೇಲೆ ಎಸೆಯಲು ಇನ್ನಷ್ಟು ಮಂದಿ ಕಾದು ಕುಳಿತಿರುತ್ತಾರೆ. ಇಂದಿನ ನಿಯಮದಂತೆ ತಂಡದ 26 ಆಟಗಾರರಲ್ಲಿ 13ಕ್ಕಿಂತ ಹೆಚ್ಚು ಪಿಚರ್‌ಗಳು ಇರುವಂತಿಲ್ಲ, ಮತ್ತು ಬಹುತೇಕ ತಂಡಗಳು ಆ 13 ಸ್ಥಾನಗಳನ್ನೂ ತುಂಬಿಕೊಳ್ಳುತ್ತವೆ. ಈ 26 ಮಂದಿ ಯಾರಾಗಿರಬೇಕೆಂದು ನಿರ್ಧರಿಸುವುದು ಮೈದಾನದಲ್ಲಿ ನಿಂತ ಮ್ಯಾನೇಜರ್ ಅಲ್ಲ. ಅದು ಫ್ರಂಟ್ ಆಫೀಸ್ ಎಂದು ಕರೆಯಲಾಗುವ ಆಡಳಿತ ಬಳಗದ ಕೆಲಸ. ಬೇಸ್‌ಬಾಲ್ ವಿಭಾಗದ ಅಧ್ಯಕ್ಷ, ಜನರಲ್ ಮ್ಯಾನೇಜರ್, ಊರೂರು ಸುತ್ತಿ ಹುಡುಗರನ್ನು ನೋಡಿ ಬರುವ ಸ್ಕೌಟ್‌ಗಳು, ಹೊಸಬರನ್ನು ಪಳಗಿಸುವ ಕೆಳಹಂತದ ಮೈನರ್ ಲೀಗ್ ತಂಡಗಳನ್ನು ನೋಡಿಕೊಳ್ಳುವವರು, ಅಂಕಿಅಂಶ ಪರಿಶೀಲಿಸುವವರು ಎಲ್ಲರೂ ಈ ಬಳಗದಲ್ಲಿ ಸೇರುತ್ತಾರೆ.

ಆಟಗಾರರು ತಂಡಕ್ಕೆ ಬರುವ ದಾರಿಗಳು ನಾಲ್ಕು. ಅಮೆರಿಕ ಮತ್ತು ಕೆನಡಾದ ಶಾಲಾ-ಕಾಲೇಜು ಆಟಗಾರರನ್ನು ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಸರದಿ ಆಯ್ಕೆಯಲ್ಲಿ ಪಡೆಯಬಹುದು. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾದಂಥ ದೇಶಗಳ ಹುಡುಗರೊಡನೆ ಹದಿನಾರರ ಹರೆಯದಲ್ಲೇ ಒಪ್ಪಂದ ಮಾಡಿಕೊಳ್ಳಬಹುದು. ಬೇರೆ ತಂಡಕ್ಕೆ ತನ್ನವರನ್ನು ಕೊಟ್ಟು ಅಲ್ಲಿಯವರನ್ನು ತರಬಹುದು. ಒಪ್ಪಂದ ಮುಗಿದು ಫ್ರೀ ಏಜೆಂಟ್ ಆಗಿರುವವರನ್ನು ಹಣ ಕೊಟ್ಟು ಕರೆಸಿಕೊಳ್ಳಬಹುದು. ಐಪಿಎಲ್‌ನಲ್ಲಿ ಹಣವಿದ್ದ ತಂಡ ಹರಾಜಿನಲ್ಲಿ ಕೂಗಿ ಗೆಲ್ಲುವಂತೆ ಇಲ್ಲಿ ಡ್ರಾಫ್ಟ್‌ನಲ್ಲಿ ಗೆಲ್ಲಲು ಬರುವುದಿಲ್ಲ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲು ಆರಿಸಿಕೊಳ್ಳುವ ಹಕ್ಕು ಸಿಗುತ್ತಿತ್ತು. ಈಚೆಗೆ ಮೊದಲ ಕೆಲವು ಸ್ಥಾನಗಳಿಗೆ ಚೀಟಿ ಎತ್ತುವ ಕ್ರಮ ಬಂದಿದ್ದರೂ ಸೋತವರಿಗೆ ಅನುಕೂಲ ಮಾಡಿಕೊಡುವ ತತ್ತ್ವ ಹಾಗೆಯೇ ಇದೆ.

ಇವೆಲ್ಲದರ ಬೆನ್ನಿಗೆ ಒಂದು ಗಡಿಯಾರ ಓಡುತ್ತಿರುತ್ತದೆ. ಮೇಜರ್ ಲೀಗ್‌ಗೆ ಕಾಲಿಟ್ಟ ಆಟಗಾರ ಆರು ವರ್ಷಗಳ ಸೇವೆ ಪೂರೈಸುವವರೆಗೆ ತನ್ನನ್ನು ಕರೆತಂದ ತಂಡಕ್ಕೇ ಬದ್ಧನಾಗಿರುತ್ತಾನೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಅವನಿಗೆ ಕನಿಷ್ಠ ವೇತನದ ಆಸುಪಾಸಿನ ಸಂಬಳ. ಮುಂದಿನ ಮೂರು ವರ್ಷ ಮಧ್ಯಸ್ಥಿಕೆಯ ಮೂಲಕ ಅದು ಏರುತ್ತದೆ. ಅದರ ನಂತರ ಅವನು ಸ್ವತಂತ್ರ. ಒಬ್ಬ ಶ್ರೇಷ್ಠ ಆಟಗಾರನ ಇಪ್ಪತ್ಮೂರರಿಂದ ಇಪ್ಪತ್ತೆಂಟರವರೆಗಿನ ವರ್ಷಗಳು, ಅಂದರೆ ಬಹುಶಃ ಅವನ ಅತ್ಯುತ್ತಮ ವರ್ಷಗಳು, ತಂಡಕ್ಕೆ ಅಗ್ಗದಲ್ಲಿ ದೊರೆಯುತ್ತವೆ ಎಂದಾಯಿತು. ಫ್ರಂಟ್ ಆಫೀಸ್‌ನ ಪಾಲಿಗೆ ಇದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ. 2015ರಲ್ಲಿ ಕಬ್ಸ್ ತಂಡ ಬ್ರಯಾಂಟ್ ಅವರನ್ನು ಋತುವಿನ ಮೊದಲ ಕೆಲವು ದಿನ ಮೈನರ್ ಲೀಗ್‌ನಲ್ಲೇ ಇರಿಸಿ, ಏಪ್ರಿಲ್ 17ರಂದು ಕರೆಸಿಕೊಂಡಿತು. ಆ ವರ್ಷ ಅವರ ಸೇವೆ 171 ದಿನಗಳಿಗೆ ನಿಂತಿತು. ಪೂರ್ಣ ವರ್ಷವೆಂದು ಎಣಿಸಲು 172 ದಿನ ಬೇಕು. ಆ ಒಂದು ದಿನದ ಕೊರತೆಯಿಂದ ಅವರ ಸ್ವಾತಂತ್ರ್ಯ ಇಡೀ ಒಂದು ವರ್ಷ ಮುಂದಕ್ಕೆ ಹೋಯಿತು. ಬ್ರಯಾಂಟ್ ಸಲ್ಲಿಸಿದ ದೂರು 2020ರಲ್ಲಿ ತಂಡದ ಪರವಾಗಿ ತೀರ್ಮಾನವಾಯಿತು. ನಿಯಮದ ಪ್ರಕಾರ ಇದು ಸರಿಯಿರಬಹುದು, ಆದರೆ ಆಟಗಾರನಿಗೆ ನ್ಯಾಯವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಈ ಆರು ವರ್ಷಗಳ ಗಡಿಯಾರವೇ ಪಿಚರ್ ಮತ್ತು ಬ್ಯಾಟರ್ ನಡುವಿನ ಮುಖ್ಯ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ಭುಜದಿಂದ ಮೇಲೆತ್ತಿದ ತೋಳನ್ನು ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಹೊರಡುವಂತೆ ಬೀಸುವುದು ಮನುಷ್ಯನ ಕೀಲುಗಳು ಸುಲಭವಾಗಿ ತಾಳಿಕೊಳ್ಳುವ ಕ್ರಿಯೆಯಲ್ಲ. ಪ್ರತಿ ಎಸೆತದಲ್ಲೂ ಮೊಣಕೈಯ ಒಳಬದಿಯಲ್ಲಿ ಎರಡು ಎಲುಬುಗಳನ್ನು ಹಿಡಿದಿಡುವ ಸಣ್ಣ ಅಸ್ಥಿರಜ್ಜಿನ ಮೇಲೆ ಅಪಾರ ಎಳೆತ ಬೀಳುತ್ತದೆ. ಅದು ಹರಿದರೆ ದೇಹದ ಬೇರೆ ಭಾಗದಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಹೆಣೆಯಬೇಕಾಗುತ್ತದೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಅಂದಿನಿಂದ ಆ ಚಿಕಿತ್ಸೆಗೆ ರೋಗಿಯ ಹೆಸರೇ ನಿಂತಿದೆ. ಅದಾದ ಮೇಲೆ ಮತ್ತೆ ಪಂದ್ಯದಲ್ಲಿ ಎಸೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. 1997ರಲ್ಲಿ ಜಾವಗಲ್ ಶ್ರೀನಾಥ್ ಅವರ ಭುಜಕ್ಕೆ ಪೆಟ್ಟಾಗಿ ತಿಂಗಳುಗಟ್ಟಲೆ ಹೊರಗುಳಿದಾಗ ಭಾರತದ ಬೌಲಿಂಗ್ ಎಷ್ಟು ಬಡವಾಯಿತೆಂದು ಬಲ್ಲವರಿಗೆ ಇದರ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಆರು ವರ್ಷಗಳಲ್ಲಿ ಒಂದೂವರೆ ವರ್ಷ ಶಸ್ತ್ರಚಿಕಿತ್ಸೆಗೇ ಹೋದರೆ ಆ ಆಸ್ತಿಯ ಕಾಲುಭಾಗ ಕರಗಿತು. ಬ್ಯಾಟರ್‌ಗೂ ಗಾಯಗಳಾಗುತ್ತವೆ ನಿಜ, ಆದರೆ ಅವನ ಕಸುಬೇ ಅವನ ಅಂಗವನ್ನು ದಿನದಿನವೂ ಸವೆಸುವುದಿಲ್ಲ.

2011ರ ಅಕ್ಟೋಬರ್‌ನಲ್ಲಿ ಥಿಯೊ ಎಪ್‌ಸ್ಟೀನ್ ಕಬ್ಸ್‌ನ ಬೇಸ್‌ಬಾಲ್ ವಿಭಾಗದ ಅಧ್ಯಕ್ಷರಾಗಿ ಬಂದಾಗ ತಂಡ 71 ಪಂದ್ಯ ಗೆದ್ದು 91 ಸೋತಿತ್ತು. ಮೈನರ್ ಲೀಗ್‌ನಲ್ಲಿ ಭರವಸೆ ಮೂಡಿಸುವವರೂ ಹೆಚ್ಚಿರಲಿಲ್ಲ. ಎಪ್‌ಸ್ಟೀನ್ 28ನೆಯ ವಯಸ್ಸಿಗೇ ಬಾಸ್ಟನ್ ರೆಡ್ ಸಾಕ್ಸ್‌ನ ಜನರಲ್ ಮ್ಯಾನೇಜರ್ ಆಗಿ, 2004ರಲ್ಲಿ ಆ ತಂಡದ 86 ವರ್ಷಗಳ ಬರವನ್ನು ನೀಗಿಸಿದ್ದವರು. ಬಾಸ್ಟನ್‌ನ ಹಳೆಯ ಸಹೋದ್ಯೋಗಿಗಳಾದ ಜೆಡ್ ಹೊಯರ್ ಮತ್ತು ಜೇಸನ್ ಮೆಕ್‌ಲಿಯಡ್ ಅವರನ್ನು ಅವರು ಜೊತೆಗೆ ಕರೆದುಕೊಂಡರು. ಅವರು ಕಂಡುಕೊಂಡ ಸೂತ್ರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ವರ್ಷಗಟ್ಟಲೆ ಕಾಯಬೇಕಾದ ಕಡೆ ಬ್ಯಾಟರ್‌ಗಳ ಮೇಲೆ ನಂಬಿಕೆ ಇಡುವುದು, ಪಿಚರ್‌ಗಳನ್ನು ಬೇಕಾದ ಹೊತ್ತಿಗೆ ಹೊರಗಿನಿಂದ ತರುವುದು. ಪಿಚರ್‌ನ ಬೆಲೆ ಕಡಿಮೆಯೆಂದು ಅವರು ಎಂದೂ ಭಾವಿಸಲಿಲ್ಲ. ಹದಿನೆಂಟರ ಅಥವಾ ಇಪ್ಪತ್ತೊಂದರ ಹುಡುಗನ ತೋಳು ಇನ್ನು ಐದು ವರ್ಷಕ್ಕೆ ಹೇಗಿರುತ್ತದೆಂದು ಯಾರೂ ಹೇಳಲಾರರು. ಆದ್ದರಿಂದ ಆ ಐದು ವರ್ಷಗಳ ಅನಿಶ್ಚಿತತೆಯನ್ನು ಬೇರೆಯವರು ಹೊರಲಿ ಎಂಬುದು ಅವರ ತರ್ಕವಾಗಿತ್ತು.

ಮೊದಲ ಹೆಜ್ಜೆಯೇ ಈ ತರ್ಕದ ಮಾದರಿ. 2012ರ ಜನವರಿಯಲ್ಲಿ ಭಾರೀ ವೇಗದಲ್ಲಿ ಎಸೆಯುತ್ತಿದ್ದ ಯುವ ಪಿಚರ್ ಆಂಡ್ರ್ಯೂ ಕ್ಯಾಶ್ನರ್ ಅವರನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಕೊಟ್ಟು, ಆಂತನಿ ರಿಜ್ಜೊ ಎಂಬ ಯುವ ಬ್ಯಾಟರ್‌ನನ್ನು ಪಡೆದರು. ರಿಜ್ಜೊ ಅವರನ್ನು ಈ ಬಳಗ ಮೂರನೆಯ ಬಾರಿ ತನ್ನತ್ತ ಸೆಳೆದಂತಾಯಿತು: 2007ರಲ್ಲಿ ಎಪ್‌ಸ್ಟೀನ್ ಬಾಸ್ಟನ್‌ನಲ್ಲಿದ್ದಾಗ ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಿದ್ದರು, ಬಳಿಕ ಹೊಯರ್ ಸ್ಯಾನ್ ಡಿಯಾಗೊದಲ್ಲಿದ್ದಾಗ ವಿನಿಮಯದಲ್ಲಿ ತರಿಸಿಕೊಂಡಿದ್ದರು. ಒಬ್ಬ ಆಟಗಾರನ ಸ್ವಭಾವ, ಶ್ರಮ, ಸೋಲನ್ನು ತಾಳುವ ಬಗೆಯನ್ನು ವರ್ಷಗಳ ಕಾಲ ಹತ್ತಿರದಿಂದ ಬಲ್ಲವರು ಮಾಡಿದ ಆಯ್ಕೆ ಅದು. ಯಾವ ಅಂಕಿಅಂಶವೂ ಆ ತಿಳಿವಳಿಕೆಗೆ ಸಮನಾಗದು.

ಮುಂದಿನ ವರ್ಷಗಳಲ್ಲಿ ಕಬ್ಸ್ ತಂಡ ಬೇಕೆಂದೇ ಸೋಲಿನ ದಾರಿಯನ್ನು ಒಪ್ಪಿಕೊಂಡಿತು. 2011ರ 91 ಸೋಲುಗಳ ಬೆನ್ನಿಗೆ 2012ರಲ್ಲಿ 101, 2013ರಲ್ಲಿ 96 ಸೋಲುಗಳು ಬಂದವು. ಆ ಸೋಲುಗಳು ಡ್ರಾಫ್ಟ್‌ನಲ್ಲಿ ಮುಂಚಿನ ಸ್ಥಾನಗಳಾದವು, ಆ ಸ್ಥಾನಗಳಲ್ಲಿ ತಂಡ ಸಾಲಾಗಿ ಬ್ಯಾಟರ್‌ಗಳನ್ನೇ ಆರಿಸಿತು: 2012ರಲ್ಲಿ ಆರನೆಯ ಸ್ಥಾನದಲ್ಲಿ ಆಲ್ಮೊರಾ, 2013ರಲ್ಲಿ ಎರಡನೆಯದರಲ್ಲಿ ಬ್ರಯಾಂಟ್, 2014ರಲ್ಲಿ ನಾಲ್ಕನೆಯದರಲ್ಲಿ ಶ್ವಾರ್ಬರ್, 2015ರಲ್ಲಿ ಒಂಬತ್ತನೆಯದರಲ್ಲಿ ಇಯಾನ್ ಹ್ಯಾಪ್. ಬಾಯೆಸ್ ಅವರನ್ನು ಹಿಂದಿನ ಆಡಳಿತವೇ 2011ರಲ್ಲಿ ಆರಿಸಿತ್ತು, ಕಾಂಟ್ರೆರಸ್ ಅವರೊಡನೆ 2009ರಲ್ಲೇ ವೆನೆಜುವೆಲಾದಲ್ಲಿ ಒಪ್ಪಂದವಾಗಿತ್ತು. ಹೊಸಬರು ಬಂದು ಎಲ್ಲವನ್ನೂ ಬರಿಗೈಯಿಂದ ಕಟ್ಟಿದರೆಂಬ ಕಥೆಯಲ್ಲಿ ಈ ಇಬ್ಬರ ಹೆಸರು ಮರೆಯಾಗುವುದುಂಟು. ಅದು ಹಿಂದಿನವರಿಗೆ ಮಾಡುವ ಅನ್ಯಾಯ.

2013 ಮತ್ತು 2014ರ ಡ್ರಾಫ್ಟ್‌ಗಳನ್ನು ಸ್ವಲ್ಪ ನಿಂತು ನೋಡಬೇಕು. 2013ರಲ್ಲಿ ಮೊದಲ ಆಯ್ಕೆ ಹೂಸ್ಟನ್ ಆಸ್ಟ್ರೋಸ್‌ನದಾಗಿತ್ತು. ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಿಚರ್ ಮಾರ್ಕ್ ಅಪೆಲ್ ಅವರನ್ನು ಆರಿಸಿತು. ಎರಡನೆಯ ಸ್ಥಾನದಲ್ಲಿದ್ದ ಕಬ್ಸ್‌ಗೆ ಸಿಕ್ಕ ಬ್ರಯಾಂಟ್ ಆ ವರ್ಷ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದ ಪರವಾಗಿ 31 ಹೋಮ್ ರನ್ ಬಾರಿಸಿದ್ದವರು. ಬ್ರಯಾಂಟ್ 2015ರಲ್ಲಿ ವರ್ಷದ ಹೊಸ ಆಟಗಾರನೆನಿಸಿ, 2016ರಲ್ಲಿ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಅಂಗಗಳಲ್ಲಿ ಒಂದು, ಇನ್ನೊಂದು ಅಮೆರಿಕನ್ ಲೀಗ್) ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ಅಪೆಲ್ ಮೇಜರ್ ಲೀಗ್‌ನಲ್ಲಿ ಮೊದಲ ಬಾರಿ ಚೆಂಡೆಸೆದದ್ದು 2022ರಲ್ಲಿ, ಬೇರೊಂದು ತಂಡದ ಪರವಾಗಿ, ಮೂವತ್ತನೆಯ ವಯಸ್ಸಿನಲ್ಲಿ. 2014ರಲ್ಲಿ ಮೊದಲ ಮೂರೂ ಆಯ್ಕೆಗಳು ಪಿಚರ್‌ಗಳೇ: ಬ್ರೇಡಿ ಐಕೆನ್, ಟೈಲರ್ ಕೋಲೆಕ್, ಕಾರ್ಲೋಸ್ ರೊಡಾನ್. ಮೂವರ ಮೊಣಕೈಗೂ ಮುಂದಿನ ವರ್ಷಗಳಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ ನಡೆಯಿತು. ರೊಡಾನ್ ಒಬ್ಬರೇ ಅದನ್ನು ದಾಟಿ ದೊಡ್ಡ ಪಿಚರ್ ಆದರು. ಉಳಿದಿಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ನಾಲ್ಕನೆಯವರಾಗಿ ಆಯ್ಕೆಯಾದ ಶ್ವಾರ್ಬರ್ ಒಂದೇ ವರ್ಷದಲ್ಲಿ ಕಬ್ಸ್ ಪರ ಕಣಕ್ಕಿಳಿದರು. ಐಕೆನ್ ಮೊಣಕೈಯ ತಪಾಸಣೆಯ ವಿಚಾರದಲ್ಲಿ ಒಪ್ಪಂದ ಮುರಿದುಬಿದ್ದು ಅವರನ್ನು ಕಳೆದುಕೊಂಡ ಹೂಸ್ಟನ್‌ಗೆ ಪರಿಹಾರವಾಗಿ ಮರುವರ್ಷ ಎರಡನೆಯ ಆಯ್ಕೆ ಸಿಕ್ಕಿತು. ಅದರಲ್ಲಿ ಬಂದವರು ಬ್ಯಾಟರ್ ಅಲೆಕ್ಸ್ ಬ್ರೆಗ್ಮನ್. ಆ ತಂಡದ ಮುಂದಿನ ಯಶಸ್ಸಿನ ಆಧಾರಸ್ತಂಭಗಳಲ್ಲಿ ಅವರೂ ಒಬ್ಬರಾದರು. ಎರಡು ವರ್ಷಗಳ ಉದಾಹರಣೆಯಿಂದ ನಿಯಮ ಕಟ್ಟಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೆ ಎಪ್‌ಸ್ಟೀನ್ ಬಳಗ ಹೆದರಿದ್ದು ಯಾವುದಕ್ಕೆ ಎಂಬುದನ್ನು ಈ ನಾಲ್ಕೈದು ಹೆಸರುಗಳು ಕಣ್ಣೆದುರು ತಂದು ನಿಲ್ಲಿಸುತ್ತವೆ.

ಹಾಗೆಂದು ಕಬ್ಸ್ ಡ್ರಾಫ್ಟ್‌ನಲ್ಲಿ ಪಿಚರ್‌ಗಳನ್ನು ಕೈಬಿಡಲಿಲ್ಲ. ಮೊದಲ ಸುತ್ತು ಮುಗಿದ ಮೇಲೆ ಅವರನ್ನು ಧಾರಾಳವಾಗಿಯೇ ಆರಿಸಿತು. ಇಲ್ಲಿ ಹಣದ ಲೆಕ್ಕ ಬಹಳ ಜಾಣತನದ್ದು. 2012ರಿಂದ ಪ್ರತಿ ತಂಡಕ್ಕೂ ಡ್ರಾಫ್ಟ್ ಆಟಗಾರರಿಗೆ ಕೊಡುವ ಒಟ್ಟು ಮೊತ್ತಕ್ಕೆ ಮಿತಿ ಇದೆ. ಆದರೆ ಒಬ್ಬನ ಪಾಲಿನಲ್ಲಿ ಉಳಿಸಿದ್ದನ್ನು ಇನ್ನೊಬ್ಬನಿಗೆ ಕೊಡಲು ಅಡ್ಡಿಯಿಲ್ಲ. ನಾಲ್ಕನೆಯ ಸ್ಥಾನಕ್ಕೆ 46 ಲಕ್ಷ ಡಾಲರ್‌ಗಿಂತ ಹೆಚ್ಚು ನಿಗದಿಯಾಗಿದ್ದರೂ ಶ್ವಾರ್ಬರ್ 31.25 ಲಕ್ಷ ಡಾಲರ್‌ಗೆ ಒಪ್ಪಿದರು. ಹೀಗೆ ಉಳಿದ ಹಣದಿಂದ ಕಬ್ಸ್ ಆರನೆಯ ಸುತ್ತಿನಲ್ಲಿ ಸಿಕ್ಕ ಡಿಲನ್ ಸೀಸ್ ಎಂಬ ಶಾಲಾ ಪಿಚರ್‌ಗೆ 15 ಲಕ್ಷ ಡಾಲರ್ ಕೊಟ್ಟು, ಕಾಲೇಜಿಗೆ ಹೋಗದಂತೆ ಒಪ್ಪಿಸಿತು. ಸೀಸ್ ಅಷ್ಟು ಕೆಳಗಿನ ಸುತ್ತಿಗೆ ಜಾರಿದ್ದು ಮೊಣಕೈ ಗಾಯದಿಂದಲೇ. ಒಪ್ಪಂದದ ಬೆನ್ನಿಗೇ ಅವರಿಗೂ ಶಸ್ತ್ರಚಿಕಿತ್ಸೆಯಾಯಿತು. ಒಂದೇ ಪಿಚರ್‌ನ ಮೇಲೆ ಮೊದಲ ಆಯ್ಕೆಯನ್ನೇ ಪಣಕ್ಕಿಡುವ ಬದಲು, ಬ್ಯಾಟರ್‌ನಿಂದ ಉಳಿಸಿದ ಹಣದಲ್ಲಿ ಹಲವು ತೋಳುಗಳನ್ನು ಕೊಂಡು ಕಾಯುವುದು ಈ ವಿಧಾನ. ಐದನೆಯ ಸುತ್ತಿನಲ್ಲಿ ಅದೇ ವರ್ಷ ಸಿಕ್ಕ ಇನ್ನೊಬ್ಬ ಶಾಲಾ ಪಿಚರ್‌ನ ಹೆಸರು ಜಸ್ಟಿನ್ ಸ್ಟೀಲ್.

ಇನ್ನು ಹೊರಗಿನಿಂದ ಪಿಚರ್‌ಗಳನ್ನು ತಂದ ರೀತಿ. ಸೋಲುತ್ತಿರುವ ತಂಡಕ್ಕೆ ಜುಲೈ ತಿಂಗಳು ಸಂತೆಯ ಕಾಲ. ಪ್ರಶಸ್ತಿಗಾಗಿ ಹೆಣಗುವ ತಂಡಗಳಿಗೆ ಅನುಭವಿ ಪಿಚರ್‌ಗಳು ತುರ್ತಾಗಿ ಬೇಕಾಗಿರುತ್ತಾರೆ, ಮತ್ತು ಅವರಿಗಾಗಿ ಆ ತಂಡಗಳು ಮೈನರ್ ಲೀಗ್‌ನ ಹುಡುಗರನ್ನು ಬಿಟ್ಟುಕೊಡುತ್ತವೆ. 2012ರ ಜುಲೈ ಕೊನೆಯ ದಿನ ಕಬ್ಸ್ ತನ್ನ ಹಿರಿಯ ಪಿಚರ್ ರಯಾನ್ ಡೆಂಪ್‌ಸ್ಟರ್ ಅವರನ್ನು ಟೆಕ್ಸಸ್‌ಗೆ ಕಳಿಸಿ ಹೆಂಡ್ರಿಕ್ಸ್ ಅವರನ್ನು ಪಡೆಯಿತು. ಮರುವರ್ಷ ಸ್ಕಾಟ್ ಫೆಲ್ಡ್‌ಮನ್ ಎಂಬ ಪಿಚರ್‌ನೊಡನೆ ಒಂದೇ ವರ್ಷದ ಒಪ್ಪಂದ ಮಾಡಿಕೊಂಡು, ಅವರು ಅರ್ಧ ಋತು ಚೆನ್ನಾಗಿ ಎಸೆದ ಕೂಡಲೇ ಅವರನ್ನು ಮತ್ತು ಇನ್ನೊಬ್ಬ ಆಟಗಾರನನ್ನು ಬಾಲ್ಟಿಮೋರ್‌ಗೆ ಕೊಟ್ಟು ಜೇಕ್ ಅರಿಯೆಟಾ ಮತ್ತು ಪೆಡ್ರೊ ಸ್ಟ್ರೋಪ್ ಅವರನ್ನು ತಂದಿತು. ಬಾಲ್ಟಿಮೋರ್‌ನಲ್ಲಿ ಅರಿಯೆಟಾ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 5.46 ಓಟಗಳನ್ನು ಬಿಟ್ಟುಕೊಟ್ಟಿದ್ದರು. ಆ ಲೆಕ್ಕದಲ್ಲಿ ಅವರು ಸೋತ ಪಿಚರ್. ಆದರೆ ತೋಳಿನ ಬಲ, ಚೆಂಡಿನ ತಿರುವು ಅಷ್ಟು ಕೆಟ್ಟದಾಗಿರಲಿಲ್ಲ. ಅವರು ದೇಹವನ್ನು ಅಡ್ಡಕ್ಕೆ ದಾಟಿಸಿ ಎಸೆಯುವ ತಮ್ಮ ಸಹಜ ಶೈಲಿಗೆ ಮರಳಲು ಕಬ್ಸ್ ಅವಕಾಶ ಕೊಟ್ಟಿತು. 2015ರಲ್ಲಿ ಅವರು 22 ಪಂದ್ಯ ಗೆದ್ದು 6 ಸೋತರು, ಸರಾಸರಿ 1.77ಕ್ಕೆ ಇಳಿಯಿತು, ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಅವರದಾಯಿತು. ಕಾಂಟ್ರೆರಸ್, ಶ್ವಾರ್ಬರ್ ಮೊದಲಾದವರು ಮೈನರ್ ಲೀಗ್‌ನಲ್ಲಿ ಬಲಿಯುತ್ತಿರುವಾಗಲೇ ಪಿಚಿಂಗ್ ಹೀಗೆ ತುಂಡುತುಂಡಾಗಿ ಕೂಡಿಬಂತು. 2014ರ ಡಿಸೆಂಬರ್‌ನಲ್ಲಿ ಲೆಸ್ಟರ್ ಆರು ವರ್ಷಗಳಿಗೆ 15.5 ಕೋಟಿ ಡಾಲರ್‌ಗೆ ಬಂದರು. ಅಗ್ಗದ ಬ್ಯಾಟರ್‌ಗಳಿದ್ದುದರಿಂದಲೇ ಆ ಹಣ ಕೈಯಲ್ಲಿತ್ತು.

ಹೆಂಡ್ರಿಕ್ಸ್ ಅವರ ಯಶಸ್ಸು ಇನ್ನೊಂದು ಗುಟ್ಟನ್ನು ಬಿಡಿಸುತ್ತದೆ. ಅವರ ಚೆಂಡಿನ ವೇಗ ಗಂಟೆಗೆ 140 ಕಿಲೋಮೀಟರ್‌ನ ಆಸುಪಾಸು; ಇಂದಿನ ಮೇಜರ್ ಲೀಗ್‌ನಲ್ಲಿ ಅದು ನಿಧಾನ. ಆದರೂ 2016ರಲ್ಲಿ 2.13ರ ಸರಾಸರಿಯೊಡನೆ ಅವರು ಇಡೀ ಮೇಜರ್ ಲೀಗ್‌ಗೆ ಮೊದಲಿಗರಾದರು. 2001ರಲ್ಲಿ ವೋರೊಸ್ ಮೆಕ್ರ್ಯಾಕನ್ ಎಂಬ ಅಂಕಿಅಂಶ ಪರಿಶೋಧಕರು ಬೇಸ್‌ಬಾಲ್ ಲೋಕವನ್ನು ಬೆರಗಾಗಿಸಿದ ಮಾತೊಂದನ್ನು ಮುಂದಿಟ್ಟಿದ್ದರು: ಬ್ಯಾಟರ್‌ನನ್ನು ಬರಿಗೈಯಲ್ಲಿ ಕಳಿಸುವುದು (ಸ್ಟ್ರೈಕ್‌ಔಟ್), ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಪುಕ್ಕಟೆ ನಡಿಗೆ ಕೊಡುವುದು, ಹೋಮ್ ರನ್ ಬಿಟ್ಟುಕೊಡುವುದು ಇವು ಬಹುಮಟ್ಟಿಗೆ ಪಿಚರ್‌ನ ಕೈಯಲ್ಲಿವೆ, ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಔಟ್ ಆಗುತ್ತದೋ ಹಿಟ್ ಆಗುತ್ತದೋ ಎಂಬುದರ ಮೇಲೆ ಅವನ ಹಿಡಿತ ಬಹಳ ಕಡಿಮೆ. ಅದು ಕ್ಷೇತ್ರರಕ್ಷಕರನ್ನೂ ಅದೃಷ್ಟವನ್ನೂ ಅವಲಂಬಿಸಿದೆ. ಬಳಿಕ ಈ ಮಾತಿಗೆ ಹಲವು ತಿದ್ದುಪಡಿಗಳು ಬಂದಿದ್ದರೂ ತಿರುಳು ಉಳಿದಿದೆ. 2016ರಲ್ಲಿ ಕಬ್ಸ್ ಎದುರು ಹೀಗೆ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಹಿಟ್ ಆದದ್ದು ಸುಮಾರು ನಾಲ್ಕಕ್ಕೆ ಒಂದು. ಸಾಮಾನ್ಯವಾಗಿ ಅದು ಹತ್ತಕ್ಕೆ ಮೂರರಷ್ಟಿರುತ್ತದೆ. ರಸೆಲ್, ಬಾಯೆಸ್, ರಿಜ್ಜೊ, ಹೇವರ್ಡ್ ಅವರ ಚುರುಕು ಕೈಗಳು ಆ ವ್ಯತ್ಯಾಸದ ದೊಡ್ಡ ಪಾಲಿಗೆ ಕಾರಣ. ಬ್ಯಾಟರ್ ದಿನವೂ ಆಡುತ್ತಾನೆ, ಆಡುವ ದಿನ ಕ್ಷೇತ್ರರಕ್ಷಣೆಯನ್ನೂ ಮಾಡುತ್ತಾನೆ. ಆದ್ದರಿಂದ ಒಳ್ಳೆಯ ಬ್ಯಾಟರ್‌ನನ್ನು ಆರಿಸುವುದೆಂದರೆ ಪಿಚಿಂಗ್‌ನ ಒಂದು ಭಾಗವನ್ನೂ ಆರಿಸಿದಂತೆ. ಆ ವರ್ಷ ಕಬ್ಸ್ ಪಿಚರ್‌ಗಳ ಒಟ್ಟು ಸರಾಸರಿ 3.15, ಮೇಜರ್ ಲೀಗ್‌ನಲ್ಲೇ ಅತಿ ಕಡಿಮೆ. ತಂಡ ಗೆದ್ದದ್ದು 103 ಪಂದ್ಯ.

ಲೆಕ್ಕದ ಇನ್ನೊಂದು ಮಗ್ಗುಲು ಗೆಲುವಿನ ನಂತರ ಕಾಣಿಸಿಕೊಂಡಿತು. ಪಿಚರ್‌ಗಳನ್ನು ಹೊರಗಿನಿಂದ ತರುವ ತಂಡ ಅವರನ್ನು ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ತರುತ್ತಲೇ ಇರಬೇಕು, ಪ್ರತಿಸಲವೂ ಹಣವನ್ನೋ ಹುಡುಗರನ್ನೋ ತೆರಬೇಕು. 2016ರ ಜುಲೈನಲ್ಲಿ ಚಾಪ್‌ಮನ್ ಅವರನ್ನು ಮೂರು ತಿಂಗಳ ಆಟಕ್ಕಾಗಿ ತರಲು ಗ್ಲೇಬರ್ ಟೊರೆಸ್ ಸೇರಿ ನಾಲ್ವರನ್ನು ಕೊಡಬೇಕಾಯಿತು. 2017ರ ಜುಲೈನಲ್ಲಿ ಹೊಸೆ ಕಿಂಟಾನಾ ಅವರಿಗಾಗಿ ಊರಿನ ಎದುರಾಳಿ ವೈಟ್ ಸಾಕ್ಸ್‌ಗೆ ಎಲೋಯ್ ಹಿಮೆನೆಸ್ ಮತ್ತು ಡಿಲನ್ ಸೀಸ್ ಹೋದರು. 2018ರ ಫೆಬ್ರವರಿಯಲ್ಲಿ ಯು ಡಾರ್ವಿಶ್ ಅವರೊಡನೆ ಆರು ವರ್ಷಗಳಿಗೆ 12.6 ಕೋಟಿ ಡಾಲರ್ ಒಪ್ಪಂದವಾಯಿತು. ಗಾಯದಿಂದ ಮೊದಲ ವರ್ಷ ಅವರು ಆರಂಭಿಸಿದ್ದು ಎಂಟೇ ಪಂದ್ಯ. ಅದೇ ಚಳಿಗಾಲದಲ್ಲಿ 3.8 ಕೋಟಿ ಡಾಲರ್‌ಗೆ ಬಂದ ಟೈಲರ್ ಚಾಟ್‌ವುಡ್ 104 ಇನಿಂಗ್ಸ್‌ನಷ್ಟೂ ಎಸೆಯದೆ 95 ಮಂದಿಗೆ ಪುಕ್ಕಟೆ ನಡಿಗೆ ಕೊಟ್ಟರು. ಚಾಪ್‌ಮನ್ ವಿನಿಮಯವನ್ನು ನಾನು ತಪ್ಪೆನ್ನಲಾರೆ, 108 ವರ್ಷದ ಕಾಯುವಿಕೆ ಅದರಿಂದ ಮುಗಿಯಿತು. ಕಿಂಟಾನಾ ವಿಷಯದಲ್ಲಿ ಹಾಗೆ ಹೇಳಲಾಗದು. ಶಸ್ತ್ರಚಿಕಿತ್ಸೆಯ ಕಾಲವನ್ನೆಲ್ಲ ತಾನೇ ಹೊತ್ತು ಕಾದಿದ್ದ ಸೀಸ್ ಅವರನ್ನು ಕಬ್ಸ್ ಫಲ ಕೊಡುವ ಹೊತ್ತಿಗೆ ಕೈಬಿಟ್ಟಿತು; 2022ರಲ್ಲಿ ಅವರು ವೈಟ್ ಸಾಕ್ಸ್ ಪರವಾಗಿ 2.20ರ ಸರಾಸರಿಯೊಡನೆ ಅಮೆರಿಕನ್ ಲೀಗ್‌ನ ಸೈ ಯಂಗ್ ಮತದಾನದಲ್ಲಿ ಎರಡನೆಯವರಾದರು.

ಇನ್ನೊಂದು ಕಡೆ ಗಡಿಯಾರವೂ ನಿಲ್ಲಲಿಲ್ಲ. ಒಟ್ಟಿಗೆ ಬಂದ ಬ್ಯಾಟರ್‌ಗಳ ಸಂಬಳ ಒಟ್ಟಿಗೇ ಏರಿತು, ಅವರ ಒಪ್ಪಂದಗಳು ಒಟ್ಟಿಗೇ ಮುಗಿಯುವ ಹಂತಕ್ಕೆ ಬಂದವು. 2020ರ ನವೆಂಬರ್‌ನಲ್ಲಿ ಎಪ್‌ಸ್ಟೀನ್ ಹುದ್ದೆ ಬಿಟ್ಟರು, ಹೊಯರ್ ಆ ಸ್ಥಾನಕ್ಕೆ ಬಂದರು. ಶ್ವಾರ್ಬರ್ ಅವರನ್ನು ಮರುತಿಂಗಳೇ ಬಿಟ್ಟುಕೊಡಲಾಯಿತು. 2021ರ ಜುಲೈನಲ್ಲಿ ರಿಜ್ಜೊ ಯಾಂಕೀಸ್‌ಗೆ, ಬಾಯೆಸ್ ಮೆಟ್ಸ್‌ಗೆ, ಬ್ರಯಾಂಟ್ ಜೈಂಟ್ಸ್‌ಗೆ ಹೋದರು. ಈ ಹೊತ್ತಿಗೆ ಮನೆಯಲ್ಲಿ ಬೆಳೆದ ಅಗ್ಗದ ಪಿಚರ್‌ಗಳು ನಾಲ್ಕೈದು ಮಂದಿ ಇದ್ದಿದ್ದರೆ, ಅವರಿಗೆ ತೆರುವ ಹಣ ಉಳಿದು ಈ ಬ್ಯಾಟರ್‌ಗಳಲ್ಲಿ ಕೆಲವರಾದರೂ ಷಿಕಾಗೊದಲ್ಲಿ ಉಳಿಯುತ್ತಿದ್ದರೋ ಏನೋ. ಬ್ಯಾಟರ್‌ಗಳನ್ನು ಮೊದಲು ಆರಿಸಿದ್ದು ತಪ್ಪೆಂದು ನನಗೆ ತೋರುವುದಿಲ್ಲ. ತಪ್ಪಾದದ್ದು, ಕೆಳಗಿನ ಸುತ್ತುಗಳಲ್ಲಿ ತಂದುಕೊಂಡ ಅಷ್ಟೊಂದು ಪಿಚರ್‌ಗಳನ್ನು ಏನು ಮಾಡಬೇಕೆಂಬ ವಿದ್ಯೆ ಆ ವರ್ಷಗಳಲ್ಲಿ ತಂಡದ ಬಳಿ ಇಲ್ಲದೆ ಹೋದದ್ದು.

ಆ ವಿದ್ಯೆ ಯಾರ ಬಳಿ ಇತ್ತೆಂದರೆ, ಏಳನೆಯ ಪಂದ್ಯದಲ್ಲಿ ಎದುರಿಗೆ ನಿಂತಿದ್ದ ಕ್ಲೀವ್‌ಲ್ಯಾಂಡ್ ಬಳಿ. ಷಿಕಾಗೊದಂತೆ ಹಣ ಸುರಿಯಲಾರದ ಆ ತಂಡ ಪಿಚರ್‌ಗಳನ್ನು ರೂಪಿಸುವುದನ್ನೇ ಕಸುಬಾಗಿಸಿಕೊಂಡಿತು. ಕೋರಿ ಕ್ಲೂಬರ್ 2010ರಲ್ಲಿ ಸ್ಯಾನ್ ಡಿಯಾಗೊದಿಂದ ಬಂದಾಗ ಮೈನರ್ ಲೀಗ್‌ನ ಹೆಸರಿಲ್ಲದ ಪಿಚರ್. 2014 ಮತ್ತು 2017ರಲ್ಲಿ ಅವರಿಗೆ ಸೈ ಯಂಗ್ ಬಂತು. ಶೇನ್ ಬೀಬರ್ ಅವರನ್ನು 2016ರ ಡ್ರಾಫ್ಟ್‌ನ ನಾಲ್ಕನೆಯ ಸುತ್ತಿನಲ್ಲಿ ಆರಿಸಿದಾಗ ಅವರಲ್ಲಿದ್ದ ಗುಣ ಒಂದೇ, ಇಟ್ಟ ಗುರಿಗೆ ಚೆಂಡು ಎಸೆಯುವ ಹಿಡಿತ, ವೇಗ ಸಾಧಾರಣ. ಕ್ಲೀವ್‌ಲ್ಯಾಂಡ್‌ನ ಎಣಿಕೆ ಇಷ್ಟೇ: ಗುರಿಯನ್ನು ಕಲಿಸುವುದು ಕಷ್ಟ, ವೇಗವನ್ನು ತರಬೇತಿಯಿಂದ ಸೇರಿಸಬಹುದು. 2020ರಲ್ಲಿ ಬೀಬರ್‌ಗೆ ಸರ್ವಾನುಮತದಿಂದ ಸೈ ಯಂಗ್ ದೊರೆಯಿತು. 2021ರ ಡ್ರಾಫ್ಟ್‌ನಲ್ಲಿ ಆ ತಂಡ ಆರಿಸಿದ 21 ಮಂದಿಯಲ್ಲಿ 19 ಮಂದಿ ಪಿಚರ್‌ಗಳು.

ಹೀಗೆ ರೂಪಿಸುವ ಕೆಲಸಕ್ಕೆ ಹೊಸ ಉಪಕರಣಗಳು ನೆರವಾದವು. 2015ರಿಂದ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಎಂಬ ವ್ಯವಸ್ಥೆ ಪ್ರತಿ ಎಸೆತದ ವೇಗ, ಸುತ್ತುವಿಕೆ, ಪಥವನ್ನೂ, ಬ್ಯಾಟಿನಿಂದ ಹೊರಟ ಚೆಂಡಿನ ವೇಗ ಮತ್ತು ಕೋನವನ್ನೂ ದಾಖಲಿಸುತ್ತದೆ. 2020ರಿಂದ ಅದು ನಡೆಯುತ್ತಿರುವುದು ಎಲ್‌ಬಿಡಬ್ಲ್ಯು ತೀರ್ಪುಗಳಿಂದ ನಮಗೆ ಪರಿಚಿತವಾದ ಹಾಕ್-ಐ ಕ್ಯಾಮೆರಾಗಳಿಂದಲೇ. ಚೆಂಡು ಬೆರಳಿನಿಂದ ಬಿಡುಗಡೆಯಾಗುವ ಕ್ಷಣವನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು, ಹಿಡಿತವನ್ನು ಕೂದಲೆಳೆಯಷ್ಟು ಬದಲಿಸಿ, ತಿರುವು ಎಷ್ಟು ಬದಲಾಯಿತೆಂದು ಆಗಿಂದಾಗಲೇ ಅಳೆಯಬಹುದು. ಮೊದಲಾದರೆ ಹೊಸ ಬಗೆಯ ಎಸೆತವೊಂದನ್ನು ಕಲಿತು ಅದು ಫಲಿಸುತ್ತದೋ ಇಲ್ಲವೋ ಎಂದು ತಿಳಿಯಲು ಋತುವೇ ಕಳೆಯುತ್ತಿತ್ತು, ಈಗ ಕೆಲವೇ ದಿನ ಸಾಕು. ಬ್ಯಾಟರ್ ವಿಷಯದಲ್ಲಿ ಇಷ್ಟು ಬೇಗ ಫಲ ಕಾಣದು, ಏಕೆಂದರೆ ಪಿಚರ್ ಕ್ರಿಯೆಯನ್ನು ಆರಂಭಿಸುವವನು, ಬ್ಯಾಟರ್ ಅದಕ್ಕೆ ಸೆಕೆಂಡಿನ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಸ್ಪಂದಿಸುವವನು. ಕೋಣೆಯೊಳಗೆ ಒಬ್ಬನೇ ನಿಂತು ಎಸೆತವನ್ನು ತಿದ್ದಿಕೊಳ್ಳಬಹುದು. ಯಾವ ಚೆಂಡನ್ನು ಬಿಡಬೇಕೆಂಬ ವಿವೇಕ ನಿಜವಾದ ಪಿಚರ್‌ಗಳ ಎದುರು ನೂರಾರು ಸಲ ನಿಂತಾಗಲೇ ಬರುತ್ತದೆ. ಆದ್ದರಿಂದ ಪಿಚರ್‌ನನ್ನು ಮಾಡುವುದು ಹೆಚ್ಚು ಸಾಧ್ಯವಾಗಿದೆ, ಬ್ಯಾಟರ್‌ನನ್ನು ಹುಡುಗನಾಗಿರುವಾಗಲೇ ಗುರುತಿಸಿ ಹಿಡಿಯುವುದು ಹೆಚ್ಚು ಮುಖ್ಯವಾಗಿದೆ.

ಕ್ಲೀವ್‌ಲ್ಯಾಂಡ್‌ನ ದಾರಿಗೂ ತನ್ನದೇ ಬೆಲೆ ಇದೆ. 2016ರ ಸೆಪ್ಟೆಂಬರ್‌ನಲ್ಲಿ ಕಾರ್ಲೋಸ್ ಕರಾಸ್ಕೊ ಅವರ ಕೈ ಮುರಿಯಿತು, ಡ್ಯಾನಿ ಸಲಸಾರ್ ಮುಂಗೈ ನೋವಿನಿಂದ ಹೊರಗುಳಿದರು. ಹಾಗಾಗಿ ವರ್ಲ್ಡ್ ಸೀರೀಸ್‌ನ ಮೊದಲ, ನಾಲ್ಕನೆಯ, ಏಳನೆಯ ಪಂದ್ಯಗಳನ್ನೆಲ್ಲ ಕ್ಲೂಬರ್ ಅವರೇ ಆರಂಭಿಸಬೇಕಾಯಿತು, ಕೊನೆಯ ಎರಡನ್ನು ಮೂರೇ ದಿನಗಳ ವಿಶ್ರಾಂತಿಯ ಬಳಿಕ. ಏಳನೆಯ ಪಂದ್ಯದಲ್ಲಿ ಅವರು ಒಬ್ಬನನ್ನೂ ಸ್ಟ್ರೈಕ್‌ಔಟ್ ಮಾಡಲಾಗದೆ ನಾಲ್ಕು ಓಟ ಬಿಟ್ಟುಕೊಟ್ಟರು. 1948ರ ನಂತರ ಆ ತಂಡ ಪ್ರಶಸ್ತಿ ಗೆದ್ದಿಲ್ಲ.

ಕಬ್ಸ್ ಕೂಡ ಕೊನೆಗೆ ಈ ವಿದ್ಯೆಯತ್ತ ತಿರುಗಿತು. ಅರಿಜೋನಾದ ಮೇಸಾದಲ್ಲಿರುವ ತನ್ನ ತರಬೇತಿ ಕೇಂದ್ರದಲ್ಲಿ ಪಿಚ್ ಲ್ಯಾಬ್ ಎಂಬ ಪ್ರಯೋಗಾಲಯವನ್ನು 2019ರಲ್ಲಿ ತೆರೆಯಿತು. ಹಿಂದೆ ಸ್ವತಃ ಪಿಚರ್ ಆಗಿದ್ದ ಕ್ರೇಗ್ ಬ್ರೆಸ್ಲೊ ಅದೇ ವರ್ಷ ತಂಡದ ಕಚೇರಿ ಸೇರಿ, ಕ್ರಮೇಣ ಪಿಚರ್‌ಗಳನ್ನು ಬೆಳೆಸುವ ಇಡೀ ವ್ಯವಸ್ಥೆಯ ಹೊಣೆ ಹೊತ್ತರು. 2021ರಲ್ಲಿ ಜೋರ್ಡನ್ ವಿಕ್ಸ್, 2022ರಲ್ಲಿ ಏಳನೆಯ ಸ್ಥಾನದಲ್ಲಿ ಕೇಡ್ ಹಾರ್ಟನ್, ಹೀಗೆ ಎರಡು ವರ್ಷ ಸಾಲಾಗಿ ಮೊದಲ ಆಯ್ಕೆಗೆ ಪಿಚರ್‌ಗಳೇ ಬಂದರು. ಹತ್ತು ವರ್ಷ ಹಿಂದೆ ಈ ಕಚೇರಿ ಇಂಥದ್ದನ್ನು ಯೋಚಿಸುತ್ತಲೂ ಇರಲಿಲ್ಲ. 2014ರ ಐದನೆಯ ಸುತ್ತಿನಲ್ಲಿ ಸಿಕ್ಕಿದ್ದ ಜಸ್ಟಿನ್ ಸ್ಟೀಲ್, 2017ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯನ್ನು ದಾಟಿ, 2023ರಲ್ಲಿ 16 ಪಂದ್ಯ ಗೆದ್ದು ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಡ್ರಾಫ್ಟ್‌ನಿಂದ ಅಲ್ಲಿಗೆ ಒಂಬತ್ತು ವರ್ಷ. 2025ರ ಏಪ್ರಿಲ್‌ನಲ್ಲಿ ಅದೇ ಮೊಣಕೈಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯಾಗಿ ಅವರ ಋತು ಮುಗಿಯಿತು. ಮರುತಿಂಗಳು ಮೇಜರ್ ಲೀಗ್‌ಗೆ ಬಂದು ಸರದಿಯಲ್ಲಿ ಜಾಗ ಹಿಡಿದವರು ಹಾರ್ಟನ್, ಕಾಲೇಜಿನಲ್ಲಿದ್ದಾಗಲೇ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವರು. ಆ ವರ್ಷ ಅವರು 11 ಪಂದ್ಯ ಗೆದ್ದು 4 ಸೋತರು.